ಕೊಟ್ಟ ಮಾದರಿಗೆ ಮಾತ್ರ

ಬಾಂಗನ ಕಣ್ಣು ಹಳದಿ ತಿರುಗಿದ್ದನ್ನು ಮನೆಯವರೆಲ್ಲ ನೋಡಿದ್ದರು. ನೋಡಿ ಹೆದರಿದವಳು ಮಾತ್ರ ತಂಗಿ ಥುಯೆನ್ ಒಬ್ಬಳೇ. ಭಾನುವಾರ ಮಧ್ಯಾಹ್ನ ಊಟಕ್ಕೆಂದು ಬಂದವಳು, ಅಣ್ಣ ಬಟ್ಟಲಿನಿಂದ ಮುಖ ಎತ್ತಿದ ಕೂಡಲೇ ಕೈಯಲ್ಲಿದ್ದ ಊಟದ ಕಡ್ಡಿಗಳನ್ನು ಕೆಳಗಿಟ್ಟಳು.

ಬಾಂಗ್, ತಾಮ್ ಕೀ ಎಂಬ ಪಟ್ಟಣದ ಮೀನು ಮಾರುಕಟ್ಟೆಯ ಹಿಂದೆ ಕ್ಷೌರ ಮಾಡುವವನು. ಗೋಡೆಗೆ ಒಂದು ಕನ್ನಡಿ, ಅದರ ಮುಂದೆ ಒಂದು ಕಬ್ಬಿಣದ ಕುರ್ಚಿ, ಮೇಲೊಂದು ಟಾರ್ಪಾಲು, ಇಷ್ಟೇ ಅವನ ಅಂಗಡಿ. ಆರು ವರ್ಷದಿಂದ ಯಕೃತ್ತಿನ ಕಾಯಿಲೆಗೆ ದಿನಕ್ಕೊಂದು ಮಾತ್ರೆ ನುಂಗುತ್ತಿದ್ದ. ಒಂದು ದಿನವೂ ತಪ್ಪಿಸಬಾರದು, ಸಾಯುವವರೆಗೂ ಬಿಡಬಾರದು ಎಂದು ಡಾಕ್ಟರು ಹೇಳಿದ್ದರು. ಅದನ್ನೇ ಗಿರಾಕಿಗಳಿಗೆ ಹೇಳಿ, ಹೆಂಡತಿಗಿಂತ ಮಾತ್ರೆಯೇ ಗಟ್ಟಿ ಗಂಟು ಹಾಕಿಕೊಂಡಿದೆ ಎಂದು ನಗಿಸುತ್ತಿದ್ದ.

ಆ ಗಂಟನ್ನು ಅವನು ಡಾಕ್ಟರಿಗೂ ತಂಗಿಗೂ ಹೇಳದೆ ಬಿಚ್ಚಿಹಾಕಿದ್ದ. ಹೊಸವರ್ಷದ ತೆತ್ ಹಬ್ಬವಾದ ಮೇಲೆ, ಅಂದರೆ ನಾಲ್ಕು ತಿಂಗಳಿಂದ, ಒಂದೇ ಒಂದು ಮಾತ್ರೆ ಮುಟ್ಟಿರಲಿಲ್ಲ. ಬದಲಿಗೆ ದಿನಕ್ಕೆ ಮೂರು ಹೊತ್ತು ಲಿನ್ ಚಿ ಎಂಬ ಔಷಧಿ ಅಣಬೆಯ ಪುಡಿಯನ್ನು ಬಿಸಿನೀರಿಗೆ ಹಾಕಿ ಕುಡಿಯುತ್ತಿದ್ದ. ಅಣಬೆಯ ಜೊತೆ ಇಂಗ್ಲಿಷ್ ಮಾತ್ರೆ ನುಂಗಿದರೆ ದೇಹಕ್ಕೆ ಉಷ್ಣವಾಗುತ್ತದೆ, ಎರಡರಲ್ಲಿ ಒಂದನ್ನು ಬಿಡಿ ಎಂದು ಪೊಟ್ಟಣದೊಳಗಿನ ಚೀಟಿಯಲ್ಲಿ ಬರೆದಿತ್ತು. ಬಿಡುವುದು ಯಾವುದನ್ನು ಎಂದು ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ.

ಇದೆಲ್ಲ ಆ ಮಧ್ಯಾಹ್ನ ಒಂದೊಂದಾಗಿ ಅತ್ತಿಗೆ ಕುಕ್ ಬಾಯಿಂದ ಹೊರಬಿತ್ತು. ಅವನಿಗೆ ಮೀನಿನ ಸಾರಿನ ವಾಸನೆ ಸೇರುತ್ತಿಲ್ಲ, ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿದೆ, ಕುಳಿತಲ್ಲೇ ತೂಕಡಿಸುತ್ತಾನೆ. ಹೇಳುವಾಗ ಕುಕ್ ಗಂಡನ ಮುಖ ನೋಡಲಿಲ್ಲ, ನಾದಿನಿಯ ಮುಖವನ್ನೇ ನೋಡುತ್ತಿದ್ದಳು. ನೀನಾದರೂ ಏನಾದರೂ ಮಾಡು ಎನ್ನುವ ನೋಟ ಅದು.

"ಅಣ್ಣ, ಎದ್ದೇಳು. ಆಸ್ಪತ್ರೆಗೆ ಹೋಗೋಣ."

"ಮದ್ದು ಹೊಡೀತಾ ಇದೆ ಕಣೇ," ಅಂದ ಬಾಂಗ್, ಮಗುವಿಗೆ ಹೇಳುವ ಹಾಗೆ. "ಒಳಗಿರೋ ವಿಷ ಎಲ್ಲಾ ಆಚೆ ಬರ್ತಾ ಇದೆ. ಹದಿನೈದು ದಿನ ಹಿಂಗೇ ಇರುತ್ತೆ ಅಂತ ಚೀಟೀಲೇ ಹಾಕವ್ರೆ."

ಮದ್ದು ಹೊಡೆಯುವುದು! ಥುಯೆನ್ ಇದೇ ಮಾತು ಕೇಳಿಕೊಂಡೇ ಬೆಳೆದವಳು. ಅಜ್ಜಿ ಕೊಟ್ಟ ಬೇರಿನ ಕಷಾಯ ಕುಡಿದು ವಾಂತಿಯಾದರೆ ಮದ್ದು ಹೊಡೆಯುತ್ತಿದೆ, ಮೈಮೇಲೆ ಗಂಧೆ ಎದ್ದರೆ ಮದ್ದು ಹೊಡೆಯುತ್ತಿದೆ, ಜ್ವರ ಏರಿದರೆ ಇನ್ನೂ ಚೆನ್ನಾಗಿ ಹೊಡೆಯುತ್ತಿದೆ. ನಾಟಿ ಮದ್ದು ತಿಂದವನು ಎಷ್ಟು ನರಳುತ್ತಾನೋ ಮದ್ದು ಅಷ್ಟು ಒಳ್ಳೆಯದು ಎಂಬುದು ಆ ಸೀಮೆಯಲ್ಲಿ ಯಾರೂ ಕಲಿಸದೆ ಎಲ್ಲರಿಗೂ ಗೊತ್ತಿರುವ ವಿಷಯ. ಚೀಟಿ ಬರೆದ ಮಹಾಶಯನಿಗೂ ಅದು ಚೆನ್ನಾಗಿ ಗೊತ್ತಿತ್ತು.

ಆ ಪುಡಿಯಲ್ಲಿ ಏನು ಕಲಸಿದ್ದಾರೋ ಯಾರಿಗೆ ಗೊತ್ತು ಎಂದು ಅವಳು ರೇಗಿದಳು. ಬಾಂಗ್ ನಕ್ಕುಬಿಟ್ಟ. ನಗಲು ಕೂಡ ಅವನಿಗೆ ಸುಸ್ತಾಗುತ್ತಿತ್ತು.

"ಯಾರಿಗ್ಗೊತ್ತು ಅಂದ್ರೆ? ನಿಂಗೇ ಗೊತ್ತು. ಸೈನ್ ಹಾಕಿರೋಳು ನೀನೇ ತಾನೆ?"

ಸಹಿ ಅವಳದ್ದೇ.

ಅವಳು ಹತ್ತೊಂಬತ್ತು ವರ್ಷದಿಂದ ಅದೇ ಪಟ್ಟಣದ ಒಂದು ಸರಕಾರಿ ಪ್ರಯೋಗಾಲಯದಲ್ಲಿ ಅಣಬೆ, ಬೇರು, ಎಲೆಗಳನ್ನು ಪರೀಕ್ಷೆ ಮಾಡುತ್ತಿದ್ದಳು. ಅಣಬೆಯಲ್ಲಿ ಎಲ್ಲರೂ ಕೇಳುವುದು ಬೀಟಾ ಗ್ಲುಕಾನ್, ಸಕ್ಕರೆಯಿಂದಲೇ ಹೆಣೆದ ಒಂದು ನಾರು. ಅಣಬೆಗೆ ಕಸುವು ಇರುವುದು ಅದರಲ್ಲೇ ಎನ್ನುತ್ತಾರೆ. ಹೋದ ವರ್ಷ ಈ ಪುಡಿ ಮಾರುವ ಕಂಪನಿಯ ಮಾಲೀಕ ಫುಂಗ್ ತಾನೇ ಕೈಯಾರೆ ಒಂದು ಚೀಲ ತಂದುಕೊಟ್ಟಿದ್ದ. ಮರದ ದಿಮ್ಮಿಯ ಮೇಲೆ ಬೆಳೆದ, ಕಡುಗೆಂಪಾಗಿ ಹೊಳೆಯುವ, ಕತ್ತರಿಸಿ ಒಣಗಿಸಿದ ಅಣಬೆ. ಥುಯೆನ್ ಪರೀಕ್ಷೆ ಮಾಡಿದಳು. ನೂರಕ್ಕೆ ಮೂವತ್ತನಾಲ್ಕು ಬಂತು. ಅಷ್ಟು ಒಳ್ಳೆಯ ಅಣಬೆ ಅಪರೂಪವಾದ್ದರಿಂದ ಅವಳು ಖುಷಿಯಿಂದಲೇ ಸಹಿ ಹಾಕಿದ್ದಳು. ಫುಂಗ್ ಆ ಕಾಗದವನ್ನು ಚಿಕ್ಕದಾಗಿ ಅಚ್ಚು ಮಾಡಿಸಿ ಪ್ರತಿ ಪೊಟ್ಟಣದ ಬೆನ್ನಿಗೂ ಅಂಟಿಸಿದ, ಸಹಿ ಮತ್ತು ಕೆಂಪು ಮೊಹರಿನ ಸಮೇತ.

ಪೊಟ್ಟಣದ ಮೇಲೆ ತಂಗಿಯ ಹೆಸರು ಕಂಡ ದಿನ ಬಾಂಗ್ ಬೀದಿಗೆಲ್ಲ ಚಹಾ ಕೊಡಿಸಿದ್ದ. ಆ ಕಾಗದವನ್ನು ದೊಡ್ಡದು ಮಾಡಿಸಿ ಕನ್ನಡಿಯ ಪಕ್ಕ ಅಂಟಿಸಿದ. ಕುರ್ಚಿಯಲ್ಲಿ ಕೂತ ಪ್ರತಿಯೊಬ್ಬನಿಗೂ, ಮುಖಕ್ಕೆ ನೊರೆ ಹಚ್ಚಿದ ಮೇಲೆ, ಆ ಸಹಿಯ ಕತೆ ಹೇಳುತ್ತಿದ್ದ. ಕತ್ತಿಗೆ ಕತ್ತು ಒಡ್ಡಿಕೊಂಡು ಕೂತವನು ಹೂಂ ಎನ್ನದೆ ಇನ್ನೇನು ಮಾಡಿಯಾನು? ಹೂಂ ಅಂದವರಲ್ಲಿ ಹತ್ತೋ ಹನ್ನೆರಡೋ ಜನ ಪುಡಿಯನ್ನೂ ಕೊಂಡುಕೊಂಡರು.

ಆ ಕಾಗದದ ತೀರಾ ಕೆಳಗೆ, ಸಹಿಗಿಂತ ಕೆಳಗೆ, ಸೊಳ್ಳೆಗಾತ್ರದ ಅಕ್ಷರದಲ್ಲಿ ಒಂದು ಸಾಲಿತ್ತು: ಈ ಫಲಿತಾಂಶ ಪರೀಕ್ಷೆಗೆ ಕೊಟ್ಟ ಮಾದರಿಗೆ ಮಾತ್ರ ಅನ್ವಯಿಸುತ್ತದೆ. ಅವಳ ಪ್ರಯೋಗಾಲಯದಿಂದ ಹೊರಬೀಳುವ ಎಲ್ಲ ಕಾಗದದಲ್ಲೂ ಆ ಸಾಲಿರುತ್ತಿತ್ತು. ತಂದುಕೊಟ್ಟಿದ್ದನ್ನು ನೋಡಿದ್ದೇವೆ, ಆಮೇಲೆ ನೀವು ಏನು ಮಾರುತ್ತೀರೋ ನಮಗೆ ಗೊತ್ತಿಲ್ಲ ಎಂದು ಕೈ ತೊಳೆದುಕೊಳ್ಳಲಿಕ್ಕೇ ಇರುವ ಸಾಲು. ಹತ್ತೊಂಬತ್ತು ವರ್ಷ ಆ ಸಾಲಿನ ಮರೆಯಲ್ಲಿ ಥುಯೆನ್ ನೆಮ್ಮದಿಯಾಗಿ ನಿದ್ದೆ ಮಾಡಿದ್ದಳು. ಸ್ವಂತ ಅಣ್ಣನಿಗೆ ಅದನ್ನು ಓದಿ ಹೇಳಬೇಕು ಎಂದು ಅವಳಿಗೆ ಒಂದು ದಿನವೂ ಹೊಳೆದಿರಲಿಲ್ಲ.

ಈಗ ಹೇಳಿದಳು. ಫುಂಗ್ ತಂದದ್ದು ಬೇರೆ ಇರಬಹುದು, ಪೊಟ್ಟಣದಲ್ಲಿರುವುದು ಬೇರೆ ಇರಬಹುದು, ಸಹಿ ಈ ಪುಡಿಯದ್ದಲ್ಲ. ಬಾಂಗ್ ತಲೆ ಅಲ್ಲಾಡಿಸುತ್ತ ಎಲ್ಲ ಕೇಳಿಸಿಕೊಂಡ. ಆಮೇಲೆ ಗೂಡಿನಿಂದ ಒಂದು ಒಡೆಯದ ಪೊಟ್ಟಣ ತೆಗೆದು ಅವಳ ಮುಂದಿಟ್ಟ.

"ಬಾಯಿಮಾತು ಬೇಡ. ಇದನ್ನ ಪರೀಕ್ಷೆ ಮಾಡು. ಕೆಟ್ಟದ್ದು ಅಂತ ಬಂದ್ರೆ ಸೈನ್ ಹಾಕಿ, ಮೊಹರು ಒತ್ತಿ ತಗೊಂಬಾ. ಅವತ್ತೇ ನಿನ್ ಜೊತೆ ಆಸ್ಪತ್ರೆಗೆ ಬರ್ತೀನಿ. ಅಲ್ಲೀವರ್ಗೂ ನನ್ ಪಾಡಿಗೆ ನನ್ನ ಬಿಡು."

ಆಗ ಅವಳು ಬೀದಿಗೆ ಹೋಗಿ ಇಬ್ಬರು ಗಂಡಸರನ್ನು ಕರೆತಂದು, ಕೈಕಾಲು ಹಿಡಿಸಿ ಎತ್ತಿಕೊಂಡು ಹೋಗಬಹುದಿತ್ತು. ಮೀನು ಮಾರುಕಟ್ಟೆಯಲ್ಲಿ ಕೂಗು ಹಾಕಿದರೆ ಇಪ್ಪತ್ತು ಜನ ಬರುತ್ತಿದ್ದರು. ಅವಳು ಪೊಟ್ಟಣ ತೆಗೆದುಕೊಂಡು ಹೊರಟಳು. ಅಣ್ಣನ ಹಟ ಅವಳಿಗೆ ಒಂದು ನೆಪವಾಯಿತು. ಅವಳಿಗೂ ತಿಳಿಯಬೇಕಿತ್ತು. ಪುಡಿ ಒಳ್ಳೆಯದಾಗಿರಲಿ, ತನ್ನ ಸಹಿ ಸುಳ್ಳಾಗದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು. ಅಣ್ಣ ಹುಷಾರಾಗಲಿ ಎಂದು ಬೇಡಿಕೊಂಡಿದ್ದು ಅದಾದ ಮೇಲೆ.

ಸೋಮವಾರ ಬೆಳಿಗ್ಗೆ ಏಳಕ್ಕೇ ಪ್ರಯೋಗಾಲಯದ ಬಾಗಿಲು ತೆಗೆಸಿದಳು. ಪುಸ್ತಕದಲ್ಲಿ ಗಿರಾಕಿಯ ಹೆಸರು ಬಾಂಗ್ ಎಂದು ಬರೆದು ಸಂಖ್ಯೆ ಹಾಕಿದಳು. ಪುಡಿಯನ್ನು ತೂಗಿ ಎರಡು ಪಾಲು ಮಾಡಿದಳು. ಒಂದು ಪಾಲನ್ನು ಆಮ್ಲದಲ್ಲಿ ನೆನೆಸಿ, ಕುದಿಯುವ ನೀರಿನಲ್ಲಿ ಎರಡು ತಾಸು ಇಟ್ಟು, ಒಳಗಿರುವ ಸಕ್ಕರೆಯನ್ನೆಲ್ಲ ಬಿಡಿಸಿದಳು. ಇನ್ನೊಂದು ಪಾಲಿನಿಂದ ಪಿಷ್ಟದ ಸಕ್ಕರೆಯನ್ನು ಮಾತ್ರ ಬಿಡಿಸಿದಳು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದು ಬೀಟಾ ಗ್ಲುಕಾನ್. ಎರಡೂ ನಳಿಕೆಗಳಿಗೆ ಬಣ್ಣ ಬರಿಸುವ ದ್ರಾವಣ ಹಾಕಿ ನಲವತ್ತು ಡಿಗ್ರಿಯ ನೀರಿನಲ್ಲಿ ಇಟ್ಟು ಕಾದಳು. ಸಕ್ಕರೆ ಹೆಚ್ಚಿದ್ದಷ್ಟೂ ಗುಲಾಬಿ ಗಾಢವಾಗುತ್ತದೆ.

ಒಳ್ಳೆಯ ಅಣಬೆಯಾದರೆ ಮೊದಲ ನಳಿಕೆ ಕಡುಗುಲಾಬಿ, ಎರಡನೆಯದು ಬರೀ ನೀರಿನಂತೆ ಇರಬೇಕು. ಇಲ್ಲಿ ಎರಡೂ ಒಂದೇ ಬಣ್ಣಕ್ಕೆ ತಿರುಗಿದ್ದವು.

ಯಂತ್ರದಲ್ಲಿಟ್ಟು ಓದಿದಳು. ಒಟ್ಟು ನಲವತ್ತೇಳು. ಅದರಲ್ಲಿ ಪಿಷ್ಟವೇ ನಲವತ್ನಾಲ್ಕು ಚಿಲ್ಲರೆ. ಉಳಿದದ್ದು ಎರಡು ಬಿಂದು ಏಳು. ಅಣಬೆಯ ಬೇರುನೂಲನ್ನು ಬೆಂದ ಅಕ್ಕಿಯ ಮೇಲೆ ಹಬ್ಬಿಸಿ, ಅಣಬೆ ತಲೆ ಎತ್ತುವುದಕ್ಕೂ ಬಿಡದೆ, ಅಕ್ಕಿಯ ಸಮೇತ ಒಣಗಿಸಿ ಬೀಸಿದ್ದರು. ನಾಲ್ಕು ತಿಂಗಳಿಂದ ಅವಳ ಅಣ್ಣ ಮೂರು ಹೊತ್ತು ಅಕ್ಕಿಹಿಟ್ಟು ಕುಡಿಯುತ್ತಿದ್ದ.

ನಿಜವಾದ ಅಣಬೆಯೂ ಆ ಮಾತ್ರೆಯ ಕೆಲಸ ಮಾಡುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮೂವತ್ತನಾಲ್ಕು ಬಂದಿದ್ದರೂ ಅಣ್ಣ ಹಳದಿಯಾಗುತ್ತಿದ್ದ. ಆದರೂ ಆ ಎರಡು ಬಿಂದು ಏಳನ್ನು ಅವಳು ಮತ್ತೆ ಮತ್ತೆ ಓದಿದಳು. ಫುಂಗನ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಅಸಹ್ಯವೇ ದೊಡ್ಡದಾಗಿತ್ತು.

ಆಗಿನ್ನೂ ಸೋಮವಾರ ಸಂಜೆ ಐದು ಗಂಟೆ. ಅತ್ತಿಗೆಗೆ ಫೋನ್ ಮಾಡಿದಳು. ಹಗಲೆಲ್ಲ ಮಲಗಿಯೇ ಇದ್ದಾರೆ, ಎಬ್ಬಿಸಿದರೆ ಸಿಡುಕುತ್ತಾರೆ ಎಂದಳು ಕುಕ್. ಕಾಗದ ಬಂತೇ ಎಂದು ಕೇಳಿದಳು. ಥುಯೆನ್, ಬರುತ್ತಿದೆ ಅಂದಳು. ಸಂಖ್ಯೆ ಹೇಳಲಿಲ್ಲ. ಒಂದೇ ಸಲ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ, ಎರಡನೆಯ ಸಲವೂ ಅದೇ ಬರಬೇಕು. ಹತ್ತೊಂಬತ್ತು ವರ್ಷದಲ್ಲಿ ಈ ಕಟ್ಟಳೆಯನ್ನು ಅವಳು ಒಮ್ಮೆಯೂ ಮುರಿದಿರಲಿಲ್ಲ. ಬೇರೆ ಯಾರ ಅಣ್ಣನಿಗಾಗಿಯೂ ಮುರಿದಿರಲಿಲ್ಲ, ತನ್ನ ಅಣ್ಣನಿಗಾಗಿ ಮುರಿದರೆ ಅನ್ಯಾಯ ಎಂದು ಅವಳ ಬುದ್ಧಿ ಹೇಳಿತು. ಬುದ್ಧಿ ಎಂಥೆಂಥ ಹೊತ್ತಿನಲ್ಲಿ ನ್ಯಾಯ ಹೇಳಲು ಕೂರುತ್ತದೆ ನೋಡಿ.

ಮಂಗಳವಾರ ಮೊದಲಿನಿಂದ ಎಲ್ಲವನ್ನೂ ಮತ್ತೆ ಮಾಡಿದಳು. ಎರಡು ಬಿಂದು ಐದು. ಕಾಗದ ಬರೆದು ಸಹಿ ಹಾಕಿದಳು. ಮೊಹರು ಪ್ರಯೋಗಾಲಯದ ಮುಖ್ಯಸ್ಥ ಖಾಯ್ ಅವರ ಬೀರುವಿನಲ್ಲಿತ್ತು, ಅವರು ದಾ ನಾಂಗ್ ನಗರಕ್ಕೆ ಸಭೆಗೆಂದು ಹೋಗಿದ್ದರು. ಕೆಂಪು ಮೊಹರಿಲ್ಲದ ಕಾಗದ ಬಾಂಗನ ಕಣ್ಣಿಗೆ ತಂಗಿಯ ಕಾಗದ ಅಷ್ಟೇ, ಸರಕಾರದ ಮಾತಿನಷ್ಟು ತೂಕ ಅದಕ್ಕಿಲ್ಲ. ಅವಳು ಇನ್ನೊಂದು ರಾತ್ರಿ ಕಾದಳು.

ಬುಧವಾರ ಬೆಳಿಗ್ಗೆ ಖಾಯ್ ಆ ಕಾಗದವನ್ನು ಎರಡು ಸಲ ಓದಿದರು. ಫುಂಗ್ ಆ ಪ್ರಯೋಗಾಲಯದ ಹಳೆಯ ಗಿರಾಕಿ. ಮೊಹರನ್ನು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು.

"ಕಂಪನಿ ಹೆಸರು ಎಲ್ಲೂ ಬರೋ ಹಾಗಿಲ್ಲಮ್ಮ. ಇದು ನಿಮ್ಮಣ್ಣ ಕೊಟ್ಟ ಪೊಟ್ಟಣಕ್ಕೆ ಮಾತ್ರ. ಕೆಳಗಡೆ ಸಾಲು ಇದೆ ತಾನೆ?"

ಇದೆ ಅಂದಳು. ಅವರು ಮೊಹರು ಒತ್ತಿದರು.

ಮನೆ ಮುಟ್ಟಿದಾಗ ಹತ್ತು ಗಂಟೆ. ಬಾಂಗ್ ಚಾಪೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದ. ಹೊಟ್ಟೆ ಊದಿಕೊಂಡಿತ್ತು. ಮುಂದಕ್ಕೆ ಚಾಚಿದ ಕೈಗಳು ತಮ್ಮಷ್ಟಕ್ಕೆ ತಾವೇ ಬಡಿದುಕೊಳ್ಳುತ್ತಿದ್ದವು. ಬೆಳಿಗ್ಗೆಯಿಂದ ಸತ್ತುಹೋದ ಅಪ್ಪನನ್ನು ಕರೆಯುತ್ತಿದ್ದಾರೆ, ಗಿರಾಕಿ ಕಾಯುತ್ತಿದ್ದಾನೆ ಕತ್ತಿ ಕೊಡು ಎನ್ನುತ್ತಿದ್ದಾರೆ ಎಂದು ಕುಕ್ ಅಳುತ್ತ ಹೇಳಿದಳು. ಥುಯೆನ್ ಅವನ ಎದುರು ಮಂಡಿಯೂರಿ ಕುಳಿತು ಕಾಗದವನ್ನು ಅವನ ಕಣ್ಣಿಗೆ ಹಿಡಿದಳು.

"ಅಣ್ಣ, ತಂದಿದೀನಿ. ಓದು. ಬರೀ ಅಕ್ಕಿ. ನೀನೇ ಮಾತು ಕೊಟ್ಟಿದ್ದೆ, ಈಗ ನಡಿ."

ಬಾಂಗ್ ಬಹಳ ಹೊತ್ತು ಕಾಗದ ನೋಡಿದ. ಕಣ್ಣು ಮೇಲಿನಿಂದ ಕೆಳಗೆ ಜಾರುತ್ತಾ ಬಂತು. ಸಂಖ್ಯೆಗಳ ಹತ್ತಿರ ನಿಲ್ಲಲಿಲ್ಲ. ಸಹಿಯ ಹತ್ತಿರ ಬಂದು ನಿಂತಿತು. ಆಗ ಅವನ ಮುಖ ಅರಳಿತು.

"ನೋಡೇ ಕುಕ್, ನನ್ ತಂಗಿ ಮತ್ತೆ ಸೈನ್ ಹಾಕವ್ಳೆ. ಕನ್ನಡಿ ಪಕ್ಕ ಅಂಟ್ಸು ಇದನ್ನೂ." ಆಮೇಲೆ, ಬಾಯಾರಿದವನ ಹಾಗೆ, "ಒಂದ್ ಲೋಟ ಪುಡಿ ಕಲಸ್ಕೊಡು" ಅಂದ.

ಅದಾದ ಮೇಲೆ ಯಾರನ್ನೂ ಒಪ್ಪಿಸುವ ಅಗತ್ಯ ಉಳಿಯಲಿಲ್ಲ. ಪಕ್ಕದ ಮನೆಯವರು ಎತ್ತಿ ಗಾಡಿಗೆ ಹಾಕಿದರು. ಪಟ್ಟಣದ ಆಸ್ಪತ್ರೆಯವರು ನೋಡಿದವರೇ ದಾ ನಾಂಗಿಗೆ ಕಳಿಸಿದರು. ಅಲ್ಲಿನ ಡಾಕ್ಟರು ಥುಯೆನ್‌ಗಿಂತ ಚಿಕ್ಕ ವಯಸ್ಸಿನ ಹೆಂಗಸು. ಮಾತ್ರೆ ಯಾವಾಗ ಬಿಟ್ಟರು, ಕಣ್ಣು ಯಾವಾಗ ಹಳದಿಯಾಯಿತು ಎಂದು ಒಂದೊಂದೇ ಕೇಳಿ ಬರೆದುಕೊಳ್ಳುತ್ತಿದ್ದಳು.

"ಭಾನುವಾರ ನೋಡ್ದೆ ಅಂತೀರ. ಇವತ್ತು ಬುಧವಾರ. ಮಧ್ಯದಲ್ಲಿ ಏನ್ ಮಾಡ್ತಿದ್ರಿ?"

"ಪರೀಕ್ಷೆ ಮಾಡಿಸ್ತಿದ್ವಿ."

"ರಕ್ತದ್ದಾ? ರಿಪೋರ್ಟ್ ಕೊಡಿ."

"ಅಣಬೇದು," ಅಂದಳು ಥುಯೆನ್.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದಳು. ಬೈಯಲಿಲ್ಲ. ಬೈದಿದ್ದರೆ ಥುಯೆನ್‌ಗೆ ಎಷ್ಟೋ ಹಗುರಾಗುತ್ತಿತ್ತು. ಉಳಿಯುವ ಆಸೆ ಕಡಿಮೆ ಎಂದು ತಿಳಿದ ಮೇಲೆ, ಭಾನುವಾರವೇ ಬಂದಿದ್ದರೆ ಉಳಿಯುತ್ತಿದ್ದನೇ ಎಂದು ಇವಳೇ ಬಾಯಿಬಿಟ್ಟು ಕೇಳಿದಳು. ಹೇಳಲಿಕ್ಕಾಗದು ಎಂಬ ಉತ್ತರ ಬಂತು. ಯಕೃತ್ತು ಮೊದಲೇ ಸೋತಿತ್ತು, ಮೂರು ದಿನ ಮುಂಚೆ ಬಂದವರಲ್ಲಿ ಕೆಲವರು ಉಳಿದಿದ್ದಾರೆ, ಕೆಲವರು ಉಳಿದಿಲ್ಲ. ಆ ಕೆಲವರು ಯಾರಿರಬಹುದು ಎಂದು ಥುಯೆನ್ ಅಂದಿನಿಂದ ಯೋಚಿಸುತ್ತಲೇ ಇದ್ದಾಳೆ.

ಶುಕ್ರವಾರ ಡಾಕ್ಟರು ಕುಕ್‌ಳನ್ನು ಕರೆದು, ಮನೆಗೆ ಕರೆದೊಯ್ಯುವುದಾದರೆ ಇವತ್ತೇ ಹೊರಡಿ ಎಂದಳು. ಹೊರಗಡೆ ಪ್ರಾಣ ಬಿಟ್ಟವನ ಜೀವ ಮನೆಯ ದಾರಿ ಕಾಣದೆ ಅಲೆಯುತ್ತದೆ ಎಂಬ ಭಯ ಎಲ್ಲರಿಗೂ ಇತ್ತು. ಉಸಿರು ಮನೆಯಲ್ಲೇ, ಗತಿಸಿದ ಹಿರಿಯರನ್ನು ಪೂಜಿಸುವ ಪೀಠದ ಮುಂದೆಯೇ ನಿಲ್ಲಬೇಕು. ಆಂಬುಲೆನ್ಸಿನಲ್ಲಿ ಬಾಂಗನ ಬಾಯಿಗೆ ನಳಿಕೆ ಹಾಕಿ ಅದಕ್ಕೊಂದು ರಬ್ಬರಿನ ಚೀಲ ಸಿಕ್ಕಿಸಿದ್ದರು. ಅದನ್ನು ಒತ್ತುತ್ತಿದ್ದರೆ ಉಸಿರು, ಬಿಟ್ಟರೆ ಇಲ್ಲ. ಅರ್ಧ ದಾರಿಗೆ ನರ್ಸಿನ ಕೈ ಸೋತಿತು, ಥುಯೆನ್ ತೆಗೆದುಕೊಂಡಳು. ಸೇತುವೆ ಬಂದಾಗ ಕುಕ್ ಗಂಡನ ಕಿವಿಯಲ್ಲಿ ಸೇತುವೆ ಬಂತು ಎಂದಳು. ಮಾರುಕಟ್ಟೆ ಬಂದಾಗ ಮಾರುಕಟ್ಟೆ ಬಂತು ಎಂದಳು. ಪೀಠದ ಮುಂದೆ ಚಾಪೆ ಹಾಸಿ ಮಲಗಿಸಿ, ಮನೆಗೆ ಬಂದೆವು ಎಂದು ಹೇಳಿದ ಮೇಲೆ ಎಲ್ಲರೂ ಥುಯೆನ್ ಮುಖ ನೋಡಿದರು. ಚೀಲ ಅವಳ ಕೈಯಲ್ಲಿತ್ತು, ಕೈ ತೆಗೆಯಬೇಕಾದವಳು ಅವಳೇ. ಇನ್ನೊಂದು ಸಲ ಒತ್ತಿದಳು, ಮತ್ತೊಂದು ಸಲ ಒತ್ತಿದಳು. ಕೊನೆಗೆ ಅತ್ತಿಗೆ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಭಾನುವಾರ ಬೆಳಿಗ್ಗೆ ಶವದ ಪೆಟ್ಟಿಗೆ ಎತ್ತುವುದೆಂದು ನಿಶ್ಚಯವಾಯಿತು. ಬೀದಿಗೆ ಟಾರ್ಪಾಲು ಹಾಕಿ ಕುರ್ಚಿ ಜೋಡಿಸಿದ್ದರು. ಥುಯೆನ್ ಹಣೆಗೆ ಸೂತಕದ ಬಿಳಿ ಪಟ್ಟಿ ಕಟ್ಟಿಕೊಂಡು, ಬಂದವರಿಗೆ ಊದುಬತ್ತಿ ಹಚ್ಚಿಕೊಡುತ್ತ ನಿಂತಿದ್ದಳು. ಬಾಂಗನ ಗಿರಾಕಿಗಳೆಲ್ಲ ಬಂದಿದ್ದರು. ಪುಡಿ ತಿನ್ನುತ್ತಿದ್ದವರನ್ನು ಅವಳು ಹಿಂದಿನ ದಿನವೇ ಹಿಡಿದು ಹಿಡಿದು, ಬಿಸಾಕಿ, ಅದು ಅಕ್ಕಿಹಿಟ್ಟು ಎಂದು ಹೇಳಿದ್ದಳು. ಕೆಲವರು ತಲೆ ಆಡಿಸಿದ್ದರು. ಇಬ್ಬರು, ಕಾಗದ ಇದೆಯಾ ಎಂದು ಕೇಳಿದ್ದರು.

ಮೀನಿನ ಬುಟ್ಟಿ ಹೊರುವ ರೋ ಎಂಬುವನು ಊದುಬತ್ತಿ ಸಿಕ್ಕಿಸಿ ಕೈ ಮುಗಿದು, ಅವಳನ್ನು ಪಕ್ಕಕ್ಕೆ ಕರೆದ. ಮೂವತ್ತೆರಡು ವರ್ಷದ ಗಟ್ಟಿ ಆಳು. ಅಂಗಿಯ ಕಿಸೆಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದ.

"ಅಕ್ಕ, ಅಣ್ಣಂದು ಕೆಟ್ಟೋಗಿತ್ತಂತಲ್ಲ. ನಂದು ಬೇರೆ ಪೊಟ್ಣ, ಹೋದ ತಿಂಗ್ಳು ತಂದಿದ್ದು. ಇದ್ನೂ ಒಂದ್ ಸಲ ನೋಡ್ತೀರಾ? ಎಷ್ಟ್ ದಿನ ಹಿಡಿಯುತ್ತೆ?"

ಯಾವ ಕಾಯಿಲೆಗೆ ತಿನ್ನುತ್ತೀಯ ಎಂದಳು. ಅಣ್ಣನದ್ದೇ ಕಾಯಿಲೆ ಅಂದ. ಮಾತ್ರೆ? ಅಣ್ಣ ಬಿಟ್ಟ ತಿಂಗಳೇ ತಾನೂ ಬಿಟ್ಟೆ ಅಂದ. ಊಟ ಸೇರುತ್ತಿದೆಯಾ ಎಂದು ಕೇಳಿದ್ದಕ್ಕೆ, ಒಂದು ವಾರದಿಂದ ಅಷ್ಟಕ್ಕಷ್ಟೇ, ಬಿಸಿಲಿಗಿರಬೇಕು ಅಂದ.

ಥುಯೆನ್ ಅವನ ರಟ್ಟೆ ಹಿಡಿದು ಟಾರ್ಪಾಲಿನ ಅಂಚಿಗೆ ಎಳೆದು, ಹೆಬ್ಬೆರಳಿನಿಂದ ಕೆಳರೆಪ್ಪೆ ಜಗ್ಗಿ ನೋಡಿದಳು. ಬಿಳಿಯಲ್ಲಿ ಹಳದಿ ಇತ್ತೋ, ಟಾರ್ಪಾಲಿನ ಬಣ್ಣ ಬಿದ್ದಿತ್ತೋ ತಿಳಿಯಲಿಲ್ಲ. ಎರಡನೆಯ ಸಲ ನೋಡಲಿಲ್ಲ. ಒಳಗೆ ನಗಾರಿ ಬಾರಿಸಲು ಶುರುವಾಗಿತ್ತು. ಪೆಟ್ಟಿಗೆ ಎತ್ತುತ್ತಾರೆ, ತಂಗಿ ಎಲ್ಲಿ ಎಂದು ಯಾರೋ ಕೂಗಿದರು. ಅವಳು ಅಲ್ಲೇ ನಿಲ್ಲಿಸಿದ್ದ ತನ್ನ ಸ್ಕೂಟರಿಗೆ ಕೀಲಿ ಸಿಕ್ಕಿಸಿದಳು.

"ಹತ್ತು ಹಿಂದೆ."

"ಅಕ್ಕ, ಅಣ್ಣನ್ನ ಎತ್ತತಾ ಅವ್ರೆ. ಮೊದ್ಲು ಇದ್ನ ಪರೀಕ್ಷೆ…"

ಅವಳು ಪೊಟ್ಟಣವನ್ನು ಅವನ ಕೈಯಿಂದ ಕಿತ್ತು ಚರಂಡಿಗೆ ಎಸೆದಳು. ರೋ ಬೆಪ್ಪಾಗಿ ಹಿಂದೆ ಹತ್ತಿ ಕುಳಿತ. ಹಣೆಯ ಬಿಳಿ ಪಟ್ಟಿಯ ತುದಿ ಗಾಳಿಗೆ ಅವನ ಮುಖಕ್ಕೆ ಬಡಿಯುತ್ತಿತ್ತು. ಅಣ್ಣನ ಪೆಟ್ಟಿಗೆ ಹೊಸ್ತಿಲು ದಾಟಿದಾಗ ಅವರು ಆಗಲೇ ಆಸ್ಪತ್ರೆಯ ರಸ್ತೆಗೆ ತಿರುಗಿದ್ದರು.